ಫುಲ್‌ಟೈಮ್, ಪಾರ್ಟ್‌ಟೈಮ್ ಫೋರ್ ವೀಲ್ ಡ್ರೈವ್: ಮುಂದಿನ ಡಿಫರೆನ್ಷಿಯಲ್‌ನಲ್ಲಿ ವ್ಯತ್ಯಾಸವೇನು?

ಪ್ರಶ್ನೆ: ಬಿಡದಿಯಲ್ಲಿ ತಯಾರಾಗುವ ಟೊಯೋಟಾ ಫಾರ್ಚುನರ್ 2009ರಲ್ಲಿ ಬಂದಾಗ ಫುಲ್‌ಟೈಮ್ (ಸದಾ ನಾಲ್ಕೂ ಚಕ್ರಗಳಿಗೆ ಬಲ ಹೋಗುವ) ಫೋರ್ ವೀಲ್ ಡ್ರೈವ್ ಆಗಿತ್ತು, 2016ರ ಹೊಸ ಮಾದರಿಯದು ಪಾರ್ಟ್‌ಟೈಮ್ (ಬೇಕಾದಾಗ ಮಾತ್ರ ನಾಲ್ಕಕ್ಕೂ ಹೋಗುವ). ಹಾಗಾದರೆ ಇವುಗಳ ಮುಂದಿನ ಡಿಫರೆನ್ಷಿಯಲ್‌ಗಳು (ಎಡ, ಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ ಜೋಡಣೆ) ಬೇರೆ ಬೇರೆಯೇ? ಒಂದು ಬಗೆಯದನ್ನು ಇನ್ನೊಂದಕ್ಕೆ ಹಾಕಬಹುದೇ?

ಉತ್ತರ: ಡಿಫರೆನ್ಷಿಯಲ್‌ಗೆ ಬಲ ತರುವ ಪಿನಿಯನ್, ಅದು ತಿರುಗಿಸುವ ದೊಡ್ಡ ಗೇರಾದ ಕ್ರೌನ್, ನಡುವಿನ ಚಿಕ್ಕ ಗೇರುಗಳು ಎರಡರಲ್ಲೂ ಒಂದೇ ತತ್ತ್ವದ ಮೇಲೆ ಕೆಲಸ ಮಾಡುತ್ತವೆ. ಒಣ ರಸ್ತೆಯ ತಿರುವಿನಲ್ಲಿ ಫುಲ್‌ಟೈಮ್ ವಾಹನ ಬಿಗಿಹಿಡಿಯದಿರುವುದಕ್ಕೆ ಅದರ ಮುಂದಿನ ಡಿಫರೆನ್ಷಿಯಲ್ ಕಾರಣವೆಂದು ಅನೇಕರು ನಂಬಿದ್ದಾರೆ. ಅದು ಸರಿಯಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಕ್ರಮಿಸುತ್ತವೆ. ಆ ಅಂತರವನ್ನು ಸರಿದೂಗಿಸುವುದು ಟ್ರಾನ್ಸ್‌ಫರ್ ಕೇಸ್‌ನಲ್ಲಿರುವ (ಬಲವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಪೆಟ್ಟಿಗೆ) ಸೆಂಟರ್ ಡಿಫರೆನ್ಷಿಯಲ್. ಪಾರ್ಟ್‌ಟೈಮ್‌ನಲ್ಲಿ ಅದು ಇರುವುದಿಲ್ಲವಾದ್ದರಿಂದ ಫೋರ್ ವೀಲ್‌ಗೆ ಹಾಕಿದೊಡನೆ ಮುಂದಿನ, ಹಿಂದಿನ ಶಾಫ್ಟ್‌ಗಳು ಒಂದಕ್ಕೊಂದು ಬಿಗಿದುಕೊಳ್ಳುತ್ತವೆ.

ಮುಂದಿನ ಡಿಫರೆನ್ಷಿಯಲ್‌ನ ನಿಜವಾದ ವ್ಯತ್ಯಾಸವಿರುವುದು ಅದರಿಂದ ಹೊರಬರುವ ಆಕ್ಸಲ್‌ನಲ್ಲಿ. ಫುಲ್‌ಟೈಮ್‌ನಲ್ಲಿ ಎರಡೂ ಬದಿಯ ಆಕ್ಸಲ್‌ಗಳು ಸದಾ ಜೋಡಿಕೊಂಡಿರುತ್ತವೆ. ಪಾರ್ಟ್‌ಟೈಮ್ ಫಾರ್ಚುನರ್‌ನ ಡಿಫರೆನ್ಷಿಯಲ್‌ನಲ್ಲಾದರೋ ಒಂದು ಬದಿಯ ಶಾಫ್ಟನ್ನು ಎರಡು ಭಾಗ ಮಾಡಿ, ಅವುಗಳ ನಡುವೆ ಜಾರುವ ಸ್ಲೀವ್ ಒಂದನ್ನು ಇಟ್ಟಿರುತ್ತಾರೆ. ಟೂ ವೀಲ್‌ನಲ್ಲಿ ಸ್ಲೀವ್ ಸರಿದು ಆ ಬದಿ ಬಿಡಿಸಿಕೊಳ್ಳುತ್ತದೆ. ಆಗ ನಡೆಯುವುದು ಬಹಳ ಸೊಗಸಾದ ಸಂಗತಿ: ಇನ್ನೊಂದು ಬದಿಯ ಚಕ್ರ ತನ್ನ ಗೇರನ್ನು ತಿರುಗಿಸುತ್ತಲೇ ಇದ್ದರೂ, ಚಿಕ್ಕ ಗೇರುಗಳು ಆ ಚಲನೆಯನ್ನು ಬಿಡಿಸಿಕೊಂಡ ಬದಿಗೆ ತಿರುವುಮುರುವಾಗಿ ದಾಟಿಸಿಬಿಡುವುದರಿಂದ, ಕ್ರೌನ್, ಪಿನಿಯನ್ ಮತ್ತು ಮುಂದಿನ ಡಿಫರೆನ್ಷಿಯಲ್‌ಗೆ ಬಲ ತರುವ ಪ್ರೊಪೆಲ್ಲರ್ ಶಾಫ್ಟ್ ಸುಮ್ಮನೆ ನಿಂತಿರುತ್ತವೆ. ಒಂದೇ ಬದಿಯನ್ನು ಕಳಚಿದರೂ ಇಡೀ ಮುಂಭಾಗಕ್ಕೆ ವಿಶ್ರಾಂತಿ ಸಿಗುತ್ತದೆ. ಮಾರುತಿ ಜಿಪ್ಸಿಯಲ್ಲಿ ಈ ಕಳಚುವ ಕೆಲಸ ಚಕ್ರದ ಹಬ್‌ನಲ್ಲೇ ನಡೆಯುತ್ತದೆ.

ಇನ್ನು ಅದಲುಬದಲಿನ ಮಾತು. ಅಳತೆ, ಆಕ್ಸಲ್ ಮತ್ತು ಗೇರ್ ಅನುಪಾತ ಹೊಂದಿದರೆ, ಕಳಚದ ಡಿಫರೆನ್ಷಿಯಲ್ ಪಾರ್ಟ್‌ಟೈಮ್ ವಾಹನದಲ್ಲಿ ಕೆಲಸ ಮಾಡುತ್ತದೆ; ಟೂ ವೀಲ್‌ನಲ್ಲೂ ಮುಂದಿನ ಗೇರುಗಳು ವೃಥಾ ತಿರುಗುತ್ತಿರುತ್ತವೆ, ಅಷ್ಟೆ. ಇದಕ್ಕೆ ವಿರುದ್ಧವಾದದ್ದು ಅಪಾಯಕಾರಿ. ಸೆಂಟರ್ ಡಿಫರೆನ್ಷಿಯಲ್ ಸುಲಭವಾಗಿ ತಿರುಗುವ ಕಡೆಗೇ ಚಲನೆಯನ್ನು ಬಿಟ್ಟುಕೊಡುವ ಕಾರಣ, ಫುಲ್‌ಟೈಮ್ ವಾಹನದಲ್ಲಿ ಮುಂದಿನ ಆಕ್ಸಲ್ ಕಳಚಿಕೊಂಡರೆ, ಸೆಂಟರ್ ಡಿಫರೆನ್ಷಿಯಲನ್ನು ಬಿಗಿದು ನಿಲ್ಲಿಸುವ ಲಾಕ್ ಹಾಕದ ಹೊರತು ಹಿಂದಿನ ಚಕ್ರಗಳಿಗೆ ಸಾಕಷ್ಟು ಬಲ ತಲುಪುವ ಭರವಸೆಯಿಲ್ಲ. ಲಾಕ್ ಮಾತ್ರವಿದ್ದು ತನ್ನದೇ ಬಿಗಿತವಿಲ್ಲದ ಸಾಮಾನ್ಯ ಸೆಂಟರ್ ಡಿಫರೆನ್ಷಿಯಲ್ ಆಗಿದ್ದರೆ, ಲಾಕ್ ಹಾಕುವವರೆಗೆ ಗಾಡಿ ನಿಂತಲ್ಲೇ ನಿಲ್ಲುತ್ತದೆ.

ನಿರ್ವಹಣೆಯೂ ಇದಕ್ಕೆ ತಕ್ಕಂತೆ ಬೇರೆ. ಸದಾ ದುಡಿಯುವ ಫುಲ್‌ಟೈಮ್ ಡಿಫರೆನ್ಷಿಯಲ್‌ನ ಗೇರ್ ಆಯಿಲನ್ನು ಹಿಂದಿನದರಷ್ಟೇ ಶ್ರದ್ಧೆಯಿಂದ ಬದಲಿಸಬೇಕು. ಪಾರ್ಟ್‌ಟೈಮ್‌ನದಕ್ಕೆ ಕೆಲಸವಿಲ್ಲದಿರುವುದೇ ತೊಂದರೆ: ಗೇರುಗಳಿಗೆ ಎಣ್ಣೆ ಹತ್ತಲೆಂದು ತಿಂಗಳಿಗೆ ಕನಿಷ್ಠ 16 ಕಿ.ಮೀ. ಫೋರ್ ವೀಲ್‌ನಲ್ಲಿ ಓಡಿಸಬೇಕೆಂದು ಟೊಯೋಟಾ ಕೈಪಿಡಿಗಳು ಹೇಳುತ್ತವೆ. ಅದನ್ನು ಒಣ ಡಾಂಬರು ರಸ್ತೆಯಲ್ಲಿ ಮಾಡದೆ, ಚಕ್ರ ಕೊಂಚ ಜಾರಲು ಆಸ್ಪದವಿರುವ ಮಣ್ಣಿನ ದಾರಿಯಲ್ಲಿ ಮಾಡಿ.