ಮನಸ್ಸಲ್ಲೇ ಇಟ್ಟುಕೊಂಡರೆ ರೋಗ ಬರ್ತದಾ ಟೀಚರ್?

ಪ್ರಶ್ನೆ: "ನನ್ನ ಗಂಡ ಸೌದಿಯ ದಮಾಮಿನಲ್ಲಿದ್ದಾರೆ. ಇಲ್ಲಿ ಅತ್ತೆ, ಇಬ್ಬರು ಮಕ್ಕಳು, ನಾನು. ಎಷ್ಟೋ ವಿಷಯ ಯಾರ ಹತ್ತಿರವೂ ಹೇಳಲಿಕ್ಕೆ ಆಗುವುದಿಲ್ಲ. ಈಗ ಬಿಪಿ ಉಂಟು ಅಂತ ಮಾತ್ರೆ ಕೊಟ್ಟಿದ್ದಾರೆ. ಎಲ್ಲ ಮನಸ್ಸಲ್ಲೇ ಇಟ್ಟುಕೊಂಡದ್ದಕ್ಕೆ ಹೀಗಾದದ್ದು, ಹೊರಗೆ ಹಾಕಿದರೆ ಸರಿ ಆಗ್ತದೆ ಅಂತ ನಾದಿನಿ ಹೇಳ್ತಾಳೆ. ಹೌದಾ ಟೀಚರ್?"
(ಕಾಪುವಿನ ಓದುಗರೊಬ್ಬರು)

ಆಟಿ ತಿಂಗಳಿಂದ ಈಚೆಗೆ ಈ ಪ್ರಶ್ನೆ ಬಂದದ್ದು ಇದು ಐದನೇ ಸಲ. ಊರು ಬೇರೆ, ಮನೆ ಬೇರೆ, ಪ್ರಶ್ನೆ ಮಾತ್ರ ಅದೇ. ಹಿಂದಿನ ನಾಲ್ಕು ಸಲ ನಾಲ್ಕು ಸಾಲು ಬರೆದು ಕೈತೊಳೆದುಕೊಂಡೆ. ಅದು ನನ್ನ ಸೋಮಾರಿತನ. ಈ ಸಲ ಉದ್ದಕ್ಕೆ ಬರೆಯುತ್ತೇನೆ. ಆರನೆಯವರು ಕೇಳಿದರೆ ಇದನ್ನೇ ಕಳಿಸಿದರಾಯಿತು.

ಮೊದಲು ನೇರ ಉತ್ತರ. ನಾದಿನಿ ಹೇಳಿದ್ದರಲ್ಲಿ ಮೊದಲ ಅರ್ಧ ಸ್ವಲ್ಪ ಸರಿ, ಎರಡನೇ ಅರ್ಧ ತಪ್ಪು. ಮಾತ್ರೆ ಕೊಟ್ಟಿದ್ದಾರಲ್ಲ, ಅದನ್ನು ಸುಮ್ನೆ ತೆಗೆದುಕೊಳ್ಳಿ. ಅತ್ತು ಹಗುರಾದೆ ಅಂತ ನಿಲ್ಲಿಸಬೇಡಿ. ಬಿಪಿಗೆ ವಯಸ್ಸು, ತೂಕ, ಅಪ್ಪ-ಅಮ್ಮನಿಂದ ಬಂದದ್ದು, ನಿದ್ದೆ, ಉಪ್ಪು ಅಂತ ಹತ್ತು ಕಾರಣ ಇರುತ್ತವೆ. ಮಳೆಗಾಲ ಪೂರ್ತಿ ಒಣಮೀನಿನ ಚಟ್ನಿ, ಉಪ್ಪಿನಕಾಯಿ ಅಂತ ಊಟ ಮಾಡಿ, ಕೊನೆಗೆ ಎಲ್ಲವನ್ನೂ ಮನಸ್ಸಿನ ತಲೆಗೆ ಕಟ್ಟುವುದು ನ್ಯಾಯ ಅಲ್ಲ.

ಈಗ ಆ ಮೊದಲ ಅರ್ಧ. ನಾವು ಕರಾವಳಿಯವರು "ಮಂಡೆಬಿಸಿ" ಅಂತೇವಲ್ಲ, ಆ ಬಿಸಿ ಮಂಡೆಯಲ್ಲೇ ನಿಲ್ಲುವುದಿಲ್ಲ. ಸಿಟ್ಟೋ ಹೆದರಿಕೆಯೋ ಬಂದ ಕೆಲವೇ ಸೆಕೆಂಡಿನಲ್ಲಿ, ಕಿಡ್ನಿಯ ಮೇಲೆ ಟೊಪ್ಪಿಯ ಹಾಗೆ ಕೂತ ಗ್ರಂಥಿಯಿಂದ ಅಡ್ರಿನಲಿನ್ ಅನ್ನುವ ಹಾರ್ಮೋನು ಬರುತ್ತದೆ. ಎದೆಬಡಿತ ಏರುತ್ತದೆ. ಚರ್ಮದ ಕಡೆಗಿನ ರಕ್ತನಾಳ ಬಿಗಿಯುತ್ತದೆ. ಹೊಟ್ಟೆಗೆ ಹೋಗುವ ರಕ್ತ ಕಡಿಮೆಯಾಗುತ್ತದೆ. ಲಿವರ್ ಸಕ್ಕರೆ ಬಿಡುತ್ತದೆ. ಅದರ ಹಿಂದೆಯೇ ನಿಧಾನಕ್ಕೆ ಕಾರ್ಟಿಸೋಲ್ ಅನ್ನುವ ಇನ್ನೊಂದು ಹಾರ್ಮೋನು ಏರುತ್ತದೆ. ಇದೆಲ್ಲ ಓಡಲಿಕ್ಕೆ, ಹೊಡೆದಾಡಲಿಕ್ಕೆ ದೇಹ ಮಾಡಿಕೊಳ್ಳುವ ತಯಾರಿ. ದಿನಕ್ಕೆ ಒಂದೆರಡು ಸಲ ಆದರೆ ಏನೂ ತೊಂದರೆ ಇಲ್ಲ.

ಮಂಗಳೂರಿನಲ್ಲಿ ನರ್ಸಿಂಗ್ ಮಕ್ಕಳಿಗೆ ಪಾಠ ಮಾಡುವಾಗ ಇದನ್ನು ಬೋರ್ಡಿನಲ್ಲಿ ಬರೆಯುತ್ತಿರಲಿಲ್ಲ, ಮಾಡಿ ತೋರಿಸುತ್ತಿದ್ದೆ. ಒಬ್ಬಳನ್ನು ಮುಂದೆ ಕೂರಿಸಿ ಪಾದರಸದ ಬಿಪಿ ಯಂತ್ರ ಕಟ್ಟುವುದು. ಐದು ನಿಮಿಷ ಸುಮ್ಮನೆ ಕೂತಾಗ ಮೇಲಿನ ಅಂಕಿ 112. ಆಮೇಲೆ, "ಸಾವಿರದಿಂದ ಏಳೇಳು ಕಳೆಯುತ್ತಾ ಗಟ್ಟಿಯಾಗಿ ಹೇಳು." 993, 986 ಆಗುವಷ್ಟರಲ್ಲಿ ಹಿಂದಿನ ಬೆಂಚಿನವರು ಕಿಸಕ್ಕನೆ ನಗುತ್ತಿದ್ದರು. ಅಳತೆ 128. ಯಾರೂ ಬೈದಿಲ್ಲ, ಹೊಡೆದಿಲ್ಲ. ಬರೀ ಕಳೆಯುವ ಲೆಕ್ಕ. ಅವತ್ತಿನ ಮಕ್ಕಳು ಈಗ ಐಸಿಯುಗಳಲ್ಲಿ ಇನ್‌ಚಾರ್ಜ್ ಆಗಿದ್ದಾರೆ. ಸಿಕ್ಕಿದಾಗ ಮೊದಲು ನೆನಪಿಸುವುದು ಈ ಕ್ಲಾಸನ್ನೇ. ಸ್ವಲ್ಪ ಜಂಬ ಬಿಟ್ಟುಕೊಡಿ ನನಗೆ.

ಇನ್ನು ಮುಖದಲ್ಲಿ ತೋರಿಸದೆ ನುಂಗಿದರೆ? 1993ರಲ್ಲಿ ಅಮೆರಿಕದ ಜೇಮ್ಸ್ ಗ್ರಾಸ್ ಮತ್ತು ರಾಬರ್ಟ್ ಲೆವೆನ್ಸನ್ ಇದನ್ನೇ ಪರೀಕ್ಷೆ ಮಾಡಿದರು. ವಿದ್ಯಾರ್ಥಿಗಳಿಗೆ ಕೈ ಕತ್ತರಿಸುವ ಆಪರೇಷನ್ನಿನ ದೃಶ್ಯ ತೋರಿಸಿದರು. ಅರ್ಧ ಜನರಿಗೆ ಸುಮ್ಮನೆ ನೋಡಿ ಅಂದರು. ಇನ್ನರ್ಧಕ್ಕೆ, ಅಸಹ್ಯ ಆದರೂ ಮುಖದಲ್ಲಿ ಕಾಣಬಾರದು ಅಂದರು. ಮುಚ್ಚಿಟ್ಟವರಿಗೆ ಅಸಹ್ಯ ಒಂದು ಚೂರೂ ಕಡಿಮೆ ಆಗಿರಲಿಲ್ಲ. ಆದರೆ ಅಂಗೈ ಬೆವರಿತ್ತು, ಬೆರಳಿನ ರಕ್ತನಾಳ ಬಿಗಿದಿತ್ತು. ಮುಖ ಹಿಡಿದಿಟ್ಟುಕೊಳ್ಳುವುದೂ ಒಂದು ಕೆಲಸ, ದೇಹ ಅದಕ್ಕೆ ದುಡಿಯುತ್ತದೆ. 2003ರಲ್ಲಿ ಎಮಿಲಿ ಬಟ್ಲರ್ ಮತ್ತು ಜೊತೆಗಾರರು ಗುರುತಿಲ್ಲದ ಇಬ್ಬಿಬ್ಬರು ಹೆಂಗಸರನ್ನು ಕೂರಿಸಿ, ಮನಸ್ಸು ಕದಡುವ ಚಿತ್ರ ತೋರಿಸಿ, ಅದರ ಬಗ್ಗೆ ಮಾತಾಡಿಸಿದರು. ಒಬ್ಬಳಿಗೆ ಮಾತ್ರ ಗುಟ್ಟಾಗಿ ಹೇಳಿದ್ದರು, ಏನನ್ನೂ ತೋರಿಸಿಕೊಳ್ಳಬೇಡ ಅಂತ. ಎದುರಿಗೆ ಕೂತವಳಿಗೆ ಈ ವಿಷಯ ಗೊತ್ತೇ ಇಲ್ಲ. ಬಿಪಿ ಏರಿದ್ದು ಅವಳಿಗೂ! ಓದಿದಾಗ ನನಗೆ ನೆನಪಾದದ್ದು ನಮ್ಮ ಗಲ್ಫ್ ಫೋನು. ಇಲ್ಲಿಂದ "ಎಲ್ಲ ಸೌಖ್ಯ", ಅಲ್ಲಿಂದ "ಇಲ್ಲೂ ಸೌಖ್ಯ". ಫೋನಿಟ್ಟ ಮೇಲೆ ಇಬ್ಬರಿಗೂ ನಿದ್ದೆ ಇಲ್ಲ.

ಹಾಗಾದರೆ ಹೊರಗೆ ಹಾಕುವುದೇ ಸರಿ ಅಲ್ವಾ ಅಂತ ನೀವು ಕೇಳುತ್ತೀರಿ. ಇಲ್ಲೇ ನನಗೆ ಮಂಡೆಬಿಸಿ ಶುರು.

ಈ ಕುಕ್ಕರ್ ಕಥೆಯನ್ನು ಯಾರು ಯಾರಿಗೆ ಹೇಳಿಕೊಟ್ಟರೋ ಗೊತ್ತಿಲ್ಲ, ಪ್ರತಿ ಮನೆಯಲ್ಲೂ ಉಂಟು. ಮನಸ್ಸು ಕುಕ್ಕರ್ ಇದ್ದ ಹಾಗಂತೆ. ಒಳಗೆ ಆವಿ ತುಂಬುತ್ತದಂತೆ. ಆಗಾಗ ವಿಷಲ್ ಹೊಡೆಯಲು ಬಿಡದಿದ್ದರೆ ಮುಚ್ಚಳ ಹಾರುತ್ತದಂತೆ. ಆದ್ದರಿಂದ ಕಿರುಚಬೇಕಂತೆ, ತಲೆದಿಂಬಿಗೆ ಗುದ್ದಬೇಕಂತೆ, ಪಣಂಬೂರು ಬೀಚಿಗೆ ಹೋಗಿ ಸಮುದ್ರಕ್ಕೆ ಬೊಬ್ಬೆ ಹಾಕಬೇಕಂತೆ. ದೊಡ್ಡ ಊರುಗಳಲ್ಲಿ ಈಗ ದುಡ್ಡು ಕೊಟ್ಟು ಬಾಟಲಿ, ಹಳೇ ಟೀವಿ ಒಡೆಯುವ ಕೋಣೆಗಳೂ ಇವೆ.

ಕಥೆ ಹಳೆಯದು. ಹಬೆಯ ಇಂಜಿನ್ನುಗಳ ಕಾಲದ ಯುರೋಪಿನವರಿಗೆ ಮನಸ್ಸೂ ಹಾಗೇ ಕಂಡಿತು. 1895ರಲ್ಲಿ ವಿಯೆನ್ನಾದ ಡಾಕ್ಟರುಗಳಾದ ಬ್ರಾಯರ್ ಮತ್ತು ಫ್ರಾಯ್ಡ್, ಒಳಗೆ ಸಿಕ್ಕಿಬಿದ್ದ ಭಾವನೆಯೇ ದೇಹದ ಕಾಯಿಲೆಯಾಗಿ ಕಾಣುತ್ತದೆ, ಮಾತಾಡಿ ಹೊರಹಾಕಿದರೆ ಹೋಗುತ್ತದೆ ಅಂತ ಬರೆದರು. ಬ್ರಾಯರ್ ನೋಡಿದ ಹುಡುಗಿ ಆ ಮಾತುಕತೆಯನ್ನು "ಚಿಮಣಿ ಗುಡಿಸುವುದು" ಅಂತ ತಮಾಷೆ ಮಾಡುತ್ತಿದ್ದಳು. ಜನ ಹೇಳದೆ ಬಿಡುವ ವಿಷಯ ಏನೆಂದರೆ, ಚಿಮಣಿ ಗುಡಿಸಿದ ಮೇಲೆ ಅವಳು ಗುಣವಾಗಿ ಮನೆಗೆ ಹೋಗಲಿಲ್ಲ. ಅವರು ಅದನ್ನು ಬರೆಯುವುದಕ್ಕೆ ಎಷ್ಟೋ ಮೊದಲೇ, 1882ರಲ್ಲಿ, ಅವಳನ್ನು ಸ್ವಿಟ್ಜರ್ಲೆಂಡಿನ ಆರೈಕೆ ಮನೆಗೆ ಸೇರಿಸಬೇಕಾಗಿತ್ತು.

ಪರೀಕ್ಷೆ ಮಾಡಿದರೆ ಕುಕ್ಕರ್ ನಿಲ್ಲುವುದಿಲ್ಲ. 2002ರಲ್ಲಿ ಬ್ರಾಡ್ ಬುಷ್‌ಮನ್ 600 ಕಾಲೇಜು ವಿದ್ಯಾರ್ಥಿಗಳಿಗೆ ಬೇಕಂತಲೇ ಸಿಟ್ಟು ಬರಿಸಿದರು. ಒಂದು ಗುಂಪು, ಸಿಟ್ಟು ಬರಿಸಿದವನ ಮುಖ ನೆನೆಸಿಕೊಂಡು ಬಾಕ್ಸಿಂಗ್ ಚೀಲಕ್ಕೆ ಗುದ್ದಬೇಕು. ಇನ್ನೊಂದು ಗುಂಪು, ವ್ಯಾಯಾಮ ಅಂದುಕೊಂಡು ಗುದ್ದಬೇಕು. ಮೂರನೆಯದು ಎರಡು ನಿಮಿಷ ಸುಮ್ಮನೆ ಕೂರಬೇಕು, ಅಷ್ಟೇ. ಕುಕ್ಕರ್ ಕಥೆ ಸರಿ ಇದ್ದರೆ ಮೊದಲ ಗುಂಪು ತಣ್ಣಗಾಗಬೇಕಿತ್ತು. ಎಲ್ಲರಿಗಿಂತ ಜಾಸ್ತಿ ಸಿಟ್ಟಿದ್ದದ್ದು ಅವರಿಗೇ. ಸುಮ್ಮನೆ ಕೂತವರದ್ದೇ ಕಡಿಮೆ. 2024ರಲ್ಲಿ ಅದೇ ಬುಷ್‌ಮನ್ ಮತ್ತು ಸೋಫಿ ಶಾರ್ವಿಕ್ ಇಂಥ 154 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಎದೆಬಡಿತ ಇಳಿಸುವ ಕೆಲಸ, ಅಂದರೆ ನಿಧಾನ ಉಸಿರಾಟ, ಧ್ಯಾನ, ಯೋಗ, ಸಿಟ್ಟನ್ನು ಇಳಿಸುತ್ತದೆ. ಎದೆಬಡಿತ ಏರಿಸುವಂಥದ್ದು ಒಟ್ಟಾರೆ ಇಳಿಸುವುದಿಲ್ಲ. ಸಿಟ್ಟಿನಲ್ಲಿ ಜಾಗಿಂಗ್ ಹೋದರೆ ಏರಿದರೂ ಏರೀತು.

ಇನ್ನೂ ಒಂದು. ಅದೇ 2024ರಲ್ಲಿ ಬಂದ, 280 ಜನರ ಮೇಲೆ ನಡೆದ ಅಮೆರಿಕದ ಅಧ್ಯಯನ. ಸಿಟ್ಟು ಬಂದ ಹಳೇ ಘಟನೆಯನ್ನು ಎಂಟು ನಿಮಿಷ ನೆನಪು ಮಾಡಿಕೊಳ್ಳಿ ಅಂದರು. ಅಷ್ಟಕ್ಕೇ ರಕ್ತನಾಳ ಹಿಗ್ಗುವ ಶಕ್ತಿ ಕುಗ್ಗಿತು, 40 ನಿಮಿಷದವರೆಗೂ ಹಾಗೇ ಇತ್ತು. ಗಮನಿಸಿ, ಇಲ್ಲಿ ಯಾರೂ ನುಂಗಿಕೊಂಡಿಲ್ಲ, ಯಾರೂ ಕಿರುಚಿಲ್ಲ. ಬರೀ ನೆನಪು ಮಾಡಿಕೊಂಡದ್ದು.

ಅರ್ಥ ಆಯ್ತಲ್ಲ? ಆವಿಯನ್ನು ನೋಡಿ ಪ್ರಯೋಜನ ಇಲ್ಲ, ಒಲೆ ನೋಡಬೇಕು. ಒಲೆ ಎಂದರೆ ಮೆಲುಕು. ಬಸ್ಸಿನಲ್ಲಿ ಕಂಡಕ್ಟರ್ ಚಿಲ್ಲರೆ ಕೊಡದೆ ಗದರಿದ ಅಂತಿಟ್ಟುಕೊಳ್ಳಿ. ನೀವು ನುಂಗಿಕೊಂಡಿರಿ. ಸುರತ್ಕಲ್‌ನಲ್ಲಿ ಬಂದ ಸಿಟ್ಟು ಪಡುಬಿದ್ರಿಗೆ ಬರುವಾಗ ಇಳಿದುಹೋದರೆ ಯಾವ ರೋಗವೂ ಬರುವುದಿಲ್ಲ. ಅದನ್ನೇ ಮನೆಗೆ ತಂದು, ಅತ್ತೆಗೆ ಹೇಳಿ, ಅಕ್ಕನಿಗೆ ಫೋನು ಮಾಡಿ, ಮಲಗಿದ ಮೇಲೂ "ನಾನು ಹೀಗೆ ಹೇಳಬೇಕಿತ್ತು" ಅಂತ ಡಯಲಾಗ್ ಕಟ್ಟುತ್ತಿದ್ದರೆ ಒಲೆ ಉರಿಯುತ್ತಲೇ ಇದೆ. ಮೂರು ಜನಕ್ಕೆ ಹೇಳಿಯೂ ಆಯಿತು, ಬಿಪಿ ಇಳಿಯಲಿಲ್ಲ. ಹೊರಗೆ ಹಾಕುವ ವಿಚಾರದ ಗತಿ ಇದು.

ದಿನಗಟ್ಟಲೆ, ವರ್ಷಗಟ್ಟಲೆ ಉರಿದರೆ ದೇಹ ಬಳಲುವುದು ನಿಜ. ನಿದ್ದೆ ಹೋಗುತ್ತದೆ, ಶುಗರ್ ಏರುಪೇರಾಗುತ್ತದೆ, ಹೊಟ್ಟೆ ಕೆಡುತ್ತದೆ, ರಾತ್ರಿ ಹಲ್ಲು ಕಡಿದು ದವಡೆ ನೋಯುತ್ತದೆ. 1995ರಲ್ಲಿ ಜ್ಯಾನಿಸ್ ಕೀಕೋಲ್ಟ್-ಗ್ಲೇಸರ್ ತಂಡದವರು, ಮರೆವಿನ ಕಾಯಿಲೆಯ ಹಿರಿಯರನ್ನು ಮನೆಯಲ್ಲಿ ನೋಡಿಕೊಳ್ಳುತ್ತಿದ್ದ ಹೆಂಗಸರ ತೋಳಿನಲ್ಲಿ ಕಡಲೆಕಾಳಿಗಿಂತ ಸಣ್ಣ ಗಾಯ ಮಾಡಿ ನೋಡಿದರು. ಅದೇ ವಯಸ್ಸಿನ ಬೇರೆಯವರಿಗಿಂತ ಇವರ ಗಾಯ ಒಣಗಲು ಒಂಬತ್ತು ದಿನ ಜಾಸ್ತಿ ಹಿಡಿಯಿತು. ಅತ್ತೆಯನ್ನೂ ಮಕ್ಕಳನ್ನೂ ಒಬ್ಬಳೇ ನೋಡಿಕೊಳ್ಳುವವರು ಇದನ್ನು ಎರಡು ಸಲ ಓದಿ. ನಿಮಗೆ ಬೇಕಾದದ್ದು ಕಿರುಚಲು ಜಾಗ ಅಲ್ಲ, ವಾರಕ್ಕೆ ಎರಡು ದಿನ ಕೈಜೋಡಿಸುವ ಜನ. ನಾದಿನಿಗೆ ಸಲಹೆ ಕೊಡಲು ಪುರುಸೊತ್ತು ಇದ್ದರೆ ಅದನ್ನು ಅವಳಿಗೇ ಹೇಳಿ.

ಹಾಗಂತ ಬಾಯಿ ಹೊಲಿದುಕೊಳ್ಳಿ ಅಂತಲೂ ಅಲ್ಲ. ಹೇಳುವುದಕ್ಕೂ ಒಂದು ಕ್ರಮ ಇದೆ. ಒಬ್ಬರ ಹತ್ತಿರ, ಸಮ ಸ್ವರದಲ್ಲಿ, "ನನಗೆ ಹೀಗಾಗ್ತಾ ಉಂಟು, ಎಂತ ಮಾಡುವ?" ಅಂತ. ಕೋಲದಲ್ಲಿ ದೈವದ ಎದುರು ನಿಂತು ಕಷ್ಟ ಹೇಳಿಕೊಳ್ಳುವುದನ್ನು ನೋಡಿಲ್ಲವಾ? ಅಲ್ಲಿ ಯಾರೂ ಬೊಬ್ಬೆ ಹಾಕುವುದಿಲ್ಲ. ಕೈಮುಗಿದು ವಿಷಯ ಹೇಳುತ್ತಾರೆ, ದೈವ ಕೇಳುತ್ತದೆ, ಅಭಯ ಕೊಡುತ್ತದೆ, ಮುಂದಿನ ದಾರಿಯನ್ನೂ ಹೇಳುತ್ತದೆ. ಹೇಳಲು ಯಾರೂ ಇಲ್ಲದಿದ್ದರೆ ಬರೆಯಿರಿ. 1986ರಲ್ಲಿ ಜೇಮ್ಸ್ ಪೆನ್ನೆಬೇಕರ್ ವಿದ್ಯಾರ್ಥಿಗಳಿಂದ ನಾಲ್ಕು ದಿನ, ದಿನಕ್ಕೆ 15 ನಿಮಿಷ, ಮನಸ್ಸಿಗೆ ನೋವಾದ ಸಂಗತಿ ಬರೆಸಿದರು. ಏನಾಯಿತು, ಏನನ್ನಿಸಿತು, ಎರಡನ್ನೂ ಬರೆದವರು ಮುಂದಿನ ತಿಂಗಳುಗಳಲ್ಲಿ ಕಾಲೇಜಿನ ಆಸ್ಪತ್ರೆಗೆ ಕಡಿಮೆ ಹೋದರು. ಆದರೆ ಬರೆದು ಎದ್ದ ಕೂಡಲೇ ಅವರಿಗೆ ಹಗುರ ಆಗಿರಲಿಲ್ಲ, ಬೇಜಾರೇ ಜಾಸ್ತಿ ಆಗಿತ್ತು. ಆಮೇಲಿನ ಅಧ್ಯಯನಗಳಲ್ಲಿ ಲಾಭ ಸಣ್ಣದಾಗಿಯೇ ಕಂಡಿದೆ. ಖರ್ಚು ಒಂದು ಪೆನ್ನು, ಹಳೇ ನೋಟ್ ಬುಕ್ಕು. ನಿದ್ದೆ, ಊಟ, ಕೆಲಸ ಎಲ್ಲ ಕೆಟ್ಟಿದ್ದರೆ 14416ಕ್ಕೆ ಫೋನು ಮಾಡಿ. ಮನಸ್ಸಿನ ಆರೋಗ್ಯಕ್ಕೆ ಸರ್ಕಾರ ಮಾಡಿದ ಸಹಾಯವಾಣಿ ಟೆಲಿ-ಮಾನಸ್, 2022ರಿಂದ ಇದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಕ್ಯಾನ್ಸರ್ ಬಗ್ಗೆ ಎರಡೇ ಮಾತು, ಯಾಕೆಂದರೆ ಅದನ್ನೂ ಕೇಳುತ್ತೀರಿ. ನೋವು ನುಂಗಿದ್ದಕ್ಕೆ ಕ್ಯಾನ್ಸರ್ ಬಂತು ಅಂತ ರೋಗಿಯ ಮಂಚದ ಹತ್ತಿರ ನಿಂತು ಹೇಳುವವರ ಮೇಲೆ ನನಗೆ ಬರುವ ಸಿಟ್ಟು ಯಾವ ಧ್ಯಾನದಿಂದಲೂ ಇಳಿಯುವುದಿಲ್ಲ. ಸ್ವೀಡನ್, ಫಿನ್ಲೆಂಡಿನ ಸುಮಾರು 60 ಸಾವಿರ ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿ 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸ್ವಭಾವಕ್ಕೂ ಕ್ಯಾನ್ಸರಿಗೂ ನಂಟು ಸಿಗಲಿಲ್ಲ. ಆದರೆ ನಾವು ಜಗಿಯುವ ಅಡಿಕೆ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಹೇಳಿಯಾಗಿದೆ. ಅಡಿಕೆ ಬೆಳೆಯುವ ನಮ್ಮ ಜಿಲ್ಲೆಯಲ್ಲಿ ಕೂತು ಇದನ್ನು ಬರೆದರೆ ಬೈಗುಳ ಖಂಡಿತ. ಇರಲಿ.

ಯಾರೂ ಕೇಳದ ಒಂದು ವಿಷಯ ಉಂಟು, ಅದನ್ನು ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. ಎದೆ ಹಿಡಿದುಕೊಂಡರೆ ಅದು ಟೆನ್ಶನ್ನಾ, ಗ್ಯಾಸಾ, ಹಾರ್ಟಾ?

ಕಟಪಾಡಿಯ ನನ್ನ ಚಿಕ್ಕಮ್ಮನಿಗೆ ಆಗ 66. ಗಂಡ ತೀರಿಕೊಂಡು ವರ್ಷಗಳಾಗಿದ್ದವು. ಮನೆ ಪಾಲಿನ ಮಾತುಕತೆಯ ದಿನ ಚಾವಡಿಯಲ್ಲಿ ನಿಂತು ಮೈದುನಂದಿರಿಗೆ ಒಂದು ಗಂಟೆ ಚೆನ್ನಾಗಿ ಬೈದಿದ್ದಾರೆ. ಏನೂ ಬಾಕಿ ಇಟ್ಟಿಲ್ಲ. ರಾತ್ರಿ ಎದೆ ಬಿಗಿತ, ಬೆವರು. ಮಗ ಸೋಡಾ ಶರ್ಬತ್ತು ಕೊಟ್ಟ, ಸೊಸೆ ಓಮದ ನೀರು ಕೊಟ್ಟಳು. ಹತ್ತಿರದ ಒಂದು ಕ್ಲಿನಿಕ್ಕಿನಲ್ಲಿ "ಟೆನ್ಶನ್ ಮತ್ತೆ ಗ್ಯಾಸ್" ಅಂತ ಇಂಜೆಕ್ಷನ್ ಚುಚ್ಚಿ ಕಳಿಸಿದರು. ಇಸಿಜಿ ತೆಗೆಯಲಿಲ್ಲ. ಬೆಳಿಗ್ಗೆ ಬೇರೆ ಆಸ್ಪತ್ರೆಯಲ್ಲಿ ತೆಗೆದರೆ ಹಾರ್ಟ್ ಅಟ್ಯಾಕಿನ ಹಾಗೇ ಇದೆ, ರಕ್ತದಲ್ಲಿ ಟ್ರೋಪೋನಿನ್ (ಹೃದಯಕ್ಕೆ ಪೆಟ್ಟಾದಾಗ ಏರುವ ಅಂಶ) ಏರಿದೆ. ಆಂಜಿಯೋಗ್ರಾಮ್ ಮಾಡಿದರೆ ಒಂದು ಬ್ಲಾಕೂ ಇಲ್ಲ. ಹೃದಯದ ತುದಿ ಮಾತ್ರ ಬಲೂನಿನ ಹಾಗೆ ಉಬ್ಬಿದೆ.

ಅದಕ್ಕೆ ಟಾಕೋಟ್ಸುಬೋ ಅಂತ ಹೆಸರು. 1990ರಲ್ಲಿ ಜಪಾನಿನ ವೈದ್ಯರು ಇಟ್ಟದ್ದು. ಅಲ್ಲಿ ಆಕ್ಟೋಪಸ್ (ನಮ್ಮ ಬೊಂಡಾಸಿನ ದಾಯಾದಿ) ಹಿಡಿಯಲು ಸಮುದ್ರಕ್ಕೆ ಇಳಿಸುವ ಮಡಕೆಯ ಹೆಸರು ಅದು, ಹೊಟ್ಟೆ ಅಗಲ, ಕುತ್ತಿಗೆ ಸಪೂರ. ಉಬ್ಬಿದ ಹೃದಯ ಹಾಗೇ ಕಾಣುತ್ತದೆ. ಹತ್ತರಲ್ಲಿ ಸುಮಾರು ಒಂಬತ್ತು ಜನ ಹೆಂಗಸರು, ಹೆಚ್ಚಿನವರು ಮುಟ್ಟು ನಿಂತವರು. ದುಃಖ, ಭಯ, ಜಗಳದ ಬೆನ್ನಿಗೇ ಬರಬಹುದು. ಸಾಮಾನ್ಯವಾಗಿ ವಾರಗಳಲ್ಲಿ ಸರಿಯಾಗುತ್ತದೆ, ಆದರೆ ಮೊದಲ ಕೆಲವು ದಿನ ಅಪಾಯ. ಹಾರ್ಟ್ ಅಟ್ಯಾಕಾ, ಇದಾ ಅಂತ ಮನೆಯಲ್ಲಿ ಕೂತು ಹೇಳಲು ಯಾರಿಂದಲೂ ಸಾಧ್ಯ ಇಲ್ಲ. ಹೆಂಗಸರಿಗೆ ಅಟ್ಯಾಕ್ ಆದಾಗ ಎದೆನೋವಿನ ಜೊತೆಗೆ, ಕೆಲವೊಮ್ಮೆ ಅದಿಲ್ಲದೆಯೂ, ದವಡೆ ನೋವು, ಬೆನ್ನು ನೋವು, ವಾಂತಿ ಬಂದ ಹಾಗೆ, ಉಸಿರು ಕಟ್ಟಿದ ಹಾಗೆ ಆಗುವುದುಂಟು. ಸೋಡಾ ಕುಡಿಸುವ ಮೊದಲು ಇಸಿಜಿ ಆಗಲಿ. ಮಂಗಳೂರಿನ ಹೃದಯದ ಡಾಕ್ಟರ್ ಪದ್ಮನಾಭ ಕಾಮತರು ಹಳ್ಳಿಯ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ಮುಟ್ಟಿಸಿ, ಅಲ್ಲಿಂದ ಬಂದದ್ದನ್ನು ವಾಟ್ಸಾಪಿನಲ್ಲಿ ನೋಡಿ ಹೇಳುವ ಏರ್ಪಾಡು ಮಾಡಿದ್ದಾರೆ. ನಿಮ್ಮ ಹತ್ತಿರದ ಕೇಂದ್ರದಲ್ಲಿ ಯಂತ್ರ ಉಂಟಾ ಅಂತ ಇವತ್ತೇ ವಿಚಾರಿಸಿಟ್ಟುಕೊಳ್ಳಿ.

ಆರು ವಾರದ ನಂತರ ಎಕೋ ಮಾಡಿಸಲು ಚಿಕ್ಕಮ್ಮನ ಜೊತೆ ನಾನೇ ಹೋಗಿದ್ದೆ. ಹೃದಯ ಮೊದಲಿನ ಹಾಗೇ ಆಗಿತ್ತು. ವೆರಾಂಡದಲ್ಲಿ ಪಕ್ಕಕ್ಕೆ ಕೂತಿದ್ದ ಹೆಂಗಸು ವಿಚಾರಿಸಿ, "ಪಾಪ, ಎಲ್ಲ ಮನಸ್ಸಲ್ಲೇ ಇಟ್ಟುಕೊಂಡಿರಬೇಕು ನೀವು" ಅಂದರು. ಚಿಕ್ಕಮ್ಮ ನನ್ನ ಮುಖ ನೋಡಿದರು. "ಹೌದು ಮಾರಾಯ್ತಿ," ಅಂದರು, "ಕಟಪಾಡಿ ಪೇಟೆಗೆ ಕೇಳಿಸುವ ಹಾಗೆ ಇಟ್ಟುಕೊಂಡಿದ್ದೆ."