ಮನುಷ್ಯರೇ ಹೋಗಬೇಕಾದ ಕೆಲಸ ಯಾವುದು?

2004ರ ಜನವರಿಯಲ್ಲಿ ನಾಸಾದ ಅಂದಿನ ಮುಖ್ಯಸ್ಥ ಶಾನ್ ಓಕೀಫ್ ಅವರು ಹಬಲ್ ಬಾಹ್ಯಾಕಾಶ ದೂರದರ್ಶಕದ ಕೊನೆಯ ದುರಸ್ತಿ ಯಾತ್ರೆಯನ್ನು ರದ್ದುಪಡಿಸಿದರು. ಅದರ ಹಿಂದಿನ ವರ್ಷವಷ್ಟೇ ಕೊಲಂಬಿಯಾ ನೌಕೆ ಉಡಾವಣೆಯ ವೇಳೆ ಬಿದ್ದ ಪೆಟ್ಟಿನಿಂದಾಗಿ ಭೂಮಿಗೆ ಮರಳುವಾಗ ಛಿದ್ರಗೊಂಡು ಏಳು ಮಂದಿ ಅಸುನೀಗಿದ್ದರು. ಹಬಲ್‌ನತ್ತ ಹೋದ ನೌಕೆಗೆ ಅಂಥದೇ ಪೆಟ್ಟು ಬಿದ್ದರೆ, ಬೇರೆಯೇ ಕಕ್ಷೆಯಲ್ಲಿರುವ ಬಾಹ್ಯಾಕಾಶ ನಿಲ್ದಾಣವನ್ನು ತಲುಪಿ ಆಶ್ರಯ ಪಡೆಯುವುದಕ್ಕೂ ಆಗುತ್ತಿರಲಿಲ್ಲ. ಖಗೋಳ ವಿಜ್ಞಾನಿಗಳು ಈ ನಿರ್ಧಾರವನ್ನು ಬಲವಾಗಿ ವಿರೋಧಿಸಿದರು. 2006ರಲ್ಲಿ ಅದು ಬದಲಾಯಿತು. 2009ರ ಮೇ ತಿಂಗಳಲ್ಲಿ ಅಟ್ಲಾಂಟಿಸ್ ಹೊರಟಾಗ, ಅಗತ್ಯ ಬಿದ್ದರೆ ಅದರ ಯಾತ್ರಿಗಳನ್ನು ಕರೆತರಲೆಂದು ಎಂಡೆವರ್ ನೌಕೆಯನ್ನು ಇನ್ನೊಂದು ಉಡಾವಣಾ ವೇದಿಕೆಯಲ್ಲಿ ಸಜ್ಜುಗೊಳಿಸಿ ನಿಲ್ಲಿಸಲಾಗಿತ್ತು.

ಆ ಯಾತ್ರೆಯಲ್ಲಿ ಗಗನಯಾತ್ರಿ ಮೈಕ್ ಮ್ಯಾಸಿಮಿನೊ ಅವರು ಕೆಟ್ಟುಹೋಗಿದ್ದ ಉಪಕರಣವೊಂದನ್ನು ಬಿಚ್ಚಲು ಹೋದಾಗ, ಅಡ್ಡವಾಗಿದ್ದ ಹಿಡಿಕೆಯ ತಿರುಪು ಕದಲಲೇ ಇಲ್ಲ. ಭೂಮಿಯಲ್ಲಿದ್ದ ಎಂಜಿನಿಯರುಗಳೊಂದಿಗೆ ಸಮಾಲೋಚಿಸಿ, ಕೊನೆಗೆ ಅವರು ಹಿಡಿಕೆಯನ್ನೇ ಕೈಬಲದಿಂದ ಎಳೆದು ಮುರಿದರು. ಮನುಷ್ಯ ಅಲ್ಲಿರುವುದರ ಲಾಭ ನಿಚ್ಚಳವಾಗಿ ಕಾಣುವುದು ಪೂರ್ವಸಿದ್ಧತೆಯ ಪಟ್ಟಿಯಲ್ಲಿಲ್ಲದ ಇಂಥ ತೊಡಕುಗಳಲ್ಲಿಯೇ. ಅಪಾಯವೇನೆಂದು ಮೊದಲೇ ಗೊತ್ತಿತ್ತು, ಅದನ್ನು ತಗ್ಗಿಸಲು ಸಿದ್ಧತೆಯಿತ್ತು, ಕೆಲಸವೂ ಮನುಷ್ಯನ ಕೈಯನ್ನೇ ಬೇಡುವಂಥದಾಗಿತ್ತು.

ಇದರ ಪಕ್ಕದಲ್ಲಿ ಚಾಲೆಂಜರ್ ದುರಂತವನ್ನು ಇಟ್ಟು ನೋಡಬೇಕು. 1986ರ ಜನವರಿ 28ರಂದು, ಹಾರಿದ 73 ಸೆಕೆಂಡುಗಳಲ್ಲಿ ಏಳು ಜನರೊಡನೆ ನಾಶವಾದ ಆ ನೌಕೆಯ ಮುಖ್ಯ ಸರಕು ಒಂದು ಸಂವಹನ ಉಪಗ್ರಹ. ಉಪಗ್ರಹವನ್ನು ಮಾನವರಹಿತ ರಾಕೆಟ್ಟೇ ಕೊಂಡೊಯ್ಯಬಲ್ಲದು. ಅದಕ್ಕಾಗಿ ಜೀವಗಳನ್ನು ಪಣಕ್ಕಿಟ್ಟದ್ದು ಸಾಹಸವಲ್ಲ, ಲೆಕ್ಕಾಚಾರದ ದೋಷ. ತನಿಖೆಯಲ್ಲಿದ್ದ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಅವರು ಇನ್ನೊಂದು ದೋಷವನ್ನೂ ತೋರಿಸಿಕೊಟ್ಟರು: ನೌಕೆ ನಾಶವಾಗುವ ಸಂಭವ ನೂರರಲ್ಲಿ ಒಂದು ಎಂದು ಎಂಜಿನಿಯರುಗಳು ಅಂದಾಜಿಸಿದ್ದರೆ, ಆಡಳಿತದವರ ಪಾಲಿಗೆ ಅದು ಲಕ್ಷದಲ್ಲಿ ಒಂದಾಗಿತ್ತು. ಕೊನೆಗೆ ಚಾಲೆಂಜರ್ ಸೇರಿ ಒಟ್ಟು 135 ಹಾರಾಟಗಳಲ್ಲಿ ಎರಡು ನೌಕೆಗಳು ನಾಶವಾದವು.

ಮಂಗಳದ ಮಾತು ಬಂದಾಗ ಲೆಕ್ಕ ಇನ್ನಷ್ಟು ಬಿಗಿಯಾಗುತ್ತದೆ. ಅಲ್ಲಿಗೆ ರಕ್ಷಣಾ ನೌಕೆಯನ್ನು ತುರ್ತಾಗಿ ಕಳುಹಿಸಲಾಗದು. ತೂಕರಹಿತ ಸ್ಥಿತಿಯಲ್ಲಿ ವ್ಯಾಯಾಮವಿಲ್ಲದೆ ಕಳೆದರೆ ಮೂಳೆಗಳು ತಿಂಗಳಿಗೆ ಸುಮಾರು ಶೇ. 1ರಷ್ಟು ಸಾಂದ್ರತೆ ಕಳೆದುಕೊಳ್ಳುತ್ತವೆ. ಇದಕ್ಕೆ ವ್ಯಾಯಾಮದ ಪರಿಹಾರ ತಕ್ಕಮಟ್ಟಿಗಾದರೂ ಇದೆ. ವಿಕಿರಣದ ವಿಷಯ ಹಾಗಲ್ಲ. ಕ್ಯೂರಿಯಾಸಿಟಿ ರೋವರ್ ಮಂಗಳಕ್ಕೆ ಸಾಗುವಾಗ ಮಾಡಿದ ಅಳತೆಗಳ ಪ್ರಕಾರ, ಹೋಗಿಬರುವ ಪ್ರಯಾಣವೊಂದರಲ್ಲೇ ಸುಮಾರು 660 ಮಿಲಿಸೀವರ್ಟ್ ವಿಕಿರಣ ದೇಹಕ್ಕೆ ತಗಲುತ್ತದೆ. ನಾಸಾ ಗಗನಯಾತ್ರಿಯ ಇಡೀ ವೃತ್ತಿಜೀವನಕ್ಕೆ ನಿಗದಿಪಡಿಸಿರುವ ಮಿತಿಯೇ 600.

ಹಾಗೆಂದು ಪ್ರತಿಫಲ ಸಣ್ಣದೇನಲ್ಲ. ಮಂಗಳದ ಮೇಲೆ ಆಪರ್ಚುನಿಟಿ ರೋವರ್ 14 ವರ್ಷಗಳಲ್ಲಿ ಕ್ರಮಿಸಿದ್ದು 45 ಕಿಲೋಮೀಟರ್. 1972ರಲ್ಲಿ ಅಪೋಲೊ 17ರ ಇಬ್ಬರು ಚಂದ್ರನ ಮೇಲೆ ವಾಹನದಲ್ಲಿ ಮೂರೇ ದಿನಗಳಲ್ಲಿ ಸುಮಾರು 35 ಕಿಲೋಮೀಟರ್ ಸುತ್ತಾಡಿದರು. ಅವರಲ್ಲಿ ಭೂವಿಜ್ಞಾನಿಯಾಗಿದ್ದ ಹ್ಯಾರಿಸನ್ ಶ್ಮಿಟ್ ಅವರ ಪಳಗಿದ ಕಣ್ಣಿಗೆ ಬಿದ್ದ ಕಿತ್ತಳೆ ಬಣ್ಣದ ಮಣ್ಣು, ಪ್ರಾಚೀನ ಜ್ವಾಲಾಮುಖಿಯೊಂದು ಚಿಮ್ಮಿಸಿದ ಗಾಜಿನ ಕಣಗಳೆಂದು ತಿಳಿದುಬಂದಿತು. ಆದರೆ ಯಂತ್ರಗಳೂ ನಿಂತಲ್ಲೇ ನಿಂತಿಲ್ಲ. 2024ರಲ್ಲಿ ಚೀನಾದ ಚಾಂಗ್‌'ಇ-6 ಎಂಬ ಮಾನವರಹಿತ ನೌಕೆ ಚಂದ್ರನ ಅತ್ತಲಿನ ಮಗ್ಗುಲಿನಿಂದ ಸುಮಾರು 1.9 ಕಿಲೋಗ್ರಾಂ ಮಾದರಿಯನ್ನು ಹೊತ್ತು ತಂದಿತು. ಯಂತ್ರದ ಸಾಮರ್ಥ್ಯ ಹೆಚ್ಚುತ್ತಲೇ ಇದೆ. ವಿಕಿರಣವನ್ನು ತಾಳಿಕೊಳ್ಳುವ ದೇಹದ ಶಕ್ತಿ ಮಾತ್ರ ಇದ್ದಷ್ಟೇ ಇದೆ.

ಆದ್ದರಿಂದ, ಹೊರಟರೆ ಸುಮಾರು ಮೂರು ದಿನಗಳಲ್ಲಿ ಭೂಮಿಗೆ ಮರಳಿ ಬರಬಹುದಾದ ಚಂದ್ರನಿಗೆ ಭೂವಿಜ್ಞಾನಿಗಳನ್ನು ಕಳುಹಿಸುವುದು ಸಮರ್ಥನೀಯವೆಂದು ನನಗನ್ನಿಸುತ್ತದೆ. ಮಂಗಳಕ್ಕೆ ಈಗಲೇ ಮನುಷ್ಯರನ್ನು ಕಳುಹಿಸುವ ಆತುರ ಹಾಗಲ್ಲ. ಅದಕ್ಕೆ ಇನ್ನೊಂದು ಕಾರಣವೂ ಇದೆ. ಯಂತ್ರವನ್ನು ಹೆಚ್ಚುಕಡಿಮೆ ಕ್ರಿಮಿಮುಕ್ತಗೊಳಿಸಬಹುದು, ಕೋಟ್ಯಂತರ ಸೂಕ್ಷ್ಮಜೀವಿಗಳನ್ನು ಹೊತ್ತೇ ತಿರುಗುವ ಮನುಷ್ಯನನ್ನು ಹಾಗೆ ಮಾಡಲಾಗದು. ಮಂಗಳದಲ್ಲಿ ಜೀವದ ಕುರುಹು ಸಿಕ್ಕರೆ ಅದು ಅಲ್ಲಿಯದೋ ನಾವು ಒಯ್ದದ್ದೋ ಎಂಬ ಅನುಮಾನ ಉಳಿಯಬಾರದಾದರೆ, ಆ ಹುಡುಕಾಟ ಮೊದಲು ಯಂತ್ರಗಳಿಂದಲೇ ನಡೆಯಬೇಕು.