ತರಬೇತಿ ಕೊಡಿಸಿದ ಮೇಲೆ ಟೀಚರ್ ಬಿಟ್ಟು ಹೋದರೆ?

ಪ್ರಶ್ನೆ: ನಮ್ಮದು ಚಿಕ್ಕ ಖಾಸಗಿ ಶಾಲೆ. ದುಡ್ಡು ಹಾಕಿ ಶಿಕ್ಷಕರಿಗೆ ತರಬೇತಿ ಕೊಡಿಸುತ್ತೇವೆ. ಕಲಿತವರು ವರ್ಷ ತುಂಬುವುದರೊಳಗೆ ದೊಡ್ಡ ಶಾಲೆ ಸೇರುತ್ತಾರೆ. ಇನ್ನೂ ಕೊಡಿಸಬೇಕಾ?

ನಿಮ್ಮ ಭಯ ಸುಮ್ನೆ ಹುಟ್ಟಿದ್ದಲ್ಲ. ಎಲ್ಲಿ ಹೋದರೂ ಕೆಲಸಕ್ಕೆ ಬರುವ ಕಲಿಕೆಗೆ ಮಾಲೀಕರು ದುಡ್ಡು ಹಾಕಲು ಹಿಂಜರಿಯುತ್ತಾರೆ ಅಂತ ಅರ್ಥಶಾಸ್ತ್ರಜ್ಞ ಗ್ಯಾರಿ ಬೆಕರ್ 1960ರ ದಶಕದಲ್ಲೇ ಹೇಳಿದ್ದರು. ಆದರೆ ನಿಮ್ಮ ಟೀಚರ್ ಹೋಗಿದ್ದು ತರಬೇತಿ ಸಿಕ್ಕಿದ್ದಕ್ಕಾ, ಅಥವಾ ಮನಸ್ಸು ಮೊದಲೇ ಹೊರಟಿತ್ತಾ?

ಟೀಚರ್‌ಗಳು ಯಾಕೆ ಬಿಟ್ಟು ಹೋಗುತ್ತಾರೆ ಅಂತ ಅಮೆರಿಕದ ಶಿಕ್ಷಣ ಸಂಶೋಧಕ ರಿಚರ್ಡ್ ಇಂಗರ್ಸಾಲ್ 2001ರಲ್ಲಿ ಕೆದಕಿದರು. ಕಂಡದ್ದು: ಕಡಿಮೆ ಸಂಬಳ, ಆಡಳಿತದ ಬೆಂಬಲ ಸಾಲದಿರುವುದು, ಮಕ್ಕಳ ಶಿಸ್ತಿನ ತಲೆನೋವು, ಶಾಲೆಯ ತೀರ್ಮಾನಗಳಲ್ಲಿ ತಮ್ಮ ಮಾತು ನಡೆಯದಿರುವುದು. ಬಿಟ್ಟು ಹೋಗುವವರು ಚಿಕ್ಕ ಖಾಸಗಿ ಶಾಲೆಗಳಲ್ಲೇ ಜಾಸ್ತಿ ಅನ್ನುವುದೂ ಅಲ್ಲಿ ಗೊತ್ತಾಯಿತು.

ಇನ್ನು ತರಬೇತಿಯ ವಿಷಯ. ರಜೆಯ ದಿನ ಎಲ್ಲರನ್ನೂ ಹಾಲ್‌ನಲ್ಲಿ ಕೂರಿಸಿ ಸ್ಲೈಡ್ ತೋರಿಸುವುದಿದೆಯಲ್ಲ, ಅದನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಕೊನೆಯ ಸಾಲಿನಲ್ಲಿ ಯಾರೋ ತೊಡೆಯ ಮೇಲೆ ನೋಟ್‌ಬುಕ್ ಇಟ್ಟುಕೊಂಡು ತಿದ್ದುತ್ತಿರುತ್ತಾರೆ. ಅವರದೇನೂ ತಪ್ಪಿಲ್ಲ ಬಿಡಿ, ನಾಳೆ ಬೆಳಿಗ್ಗೆ ಅವು ಬೇಕು.

ಕೆಲಸ ಮಾಡುವ ತರಬೇತಿ ತರಗತಿಯೊಳಗೇ ನಡೆಯುತ್ತದೆ. ಹಿರಿಯ ಟೀಚರ್ ಒಬ್ಬರು ಹಿಂದಿನ ಬೆಂಚಿನಲ್ಲಿ ಕೂತು ಒಂದೇ ಒಂದು ವಿಷಯ ಗಮನಿಸುತ್ತಾರೆ ಅಂದುಕೊಳ್ಳಿ: ಪಾಠ ಮಾಡುವವರು ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕೆ ಎಷ್ಟು ಹೊತ್ತು ಕಾಯುತ್ತಾರೆ? ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ಇದನ್ನು ಅಳೆದಿದ್ದರು. ಸಾಮಾನ್ಯವಾಗಿ ಕಾಯುತ್ತಿದ್ದದ್ದು ಒಂದು ಸೆಕೆಂಡಿನಷ್ಟು. ಮೂರಕ್ಕೆ ಏರಿಸಿದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಬಾಯಿ ಬಿಡದವರೂ ಮಾತಾಡುತ್ತಾರೆ. ಪೀರಿಯಡ್ ಮುಗಿದ ಮೇಲೆ ಹತ್ತು ನಿಮಿಷ ಇಬ್ಬರೂ ಕೂತು ಮಾತಾಡಬೇಕು. ಮುಂದಿನ ವಾರ ಮತ್ತೆ ಬಂದು ನೋಡಬೇಕು. ಆದರೆ ಆ ಹಿರಿಯರು ನೋಡಿದ್ದನ್ನು ಪ್ರಿನ್ಸಿಪಾಲರ ಕಿವಿಗೆ ಹಾಕಿದರೋ, ಮರುದಿನದಿಂದ ಎಲ್ಲವೂ ನಾಟಕ!

ಇದರಿಂದ ಜನ ಉಳಿಯುತ್ತಾರಾ? ಇಂಗರ್ಸಾಲ್ ಮತ್ತು ಮೈಕೆಲ್ ಸ್ಟ್ರಾಂಗ್ 2011ರಲ್ಲಿ ಹೊಸ ಶಿಕ್ಷಕರ ಮೇಲಿನ 15 ಅಧ್ಯಯನಗಳನ್ನು ಒಟ್ಟಿಗೆ ನೋಡಿದರು. ಇಂಥ ಆಸರೆ ಸಿಕ್ಕವರು ಉಳಿಯುವುದು ಜಾಸ್ತಿ ಅಂತಲೇ ಹೆಚ್ಚಿನವು ಹೇಳಿದ್ದವು. ಹಾಗಂತ ಸಂಬಳದ ಜಾಗಕ್ಕೆ ತರಬೇತಿಯನ್ನು ತಂದು ಕೂರಿಸಬೇಡಿ. ಮನೆ ಬಾಡಿಗೆಗೆ ಸಾಲದ ಸಂಬಳ ಕೊಟ್ಟು ಎಷ್ಟು ಕಲಿಸಿದರೂ ಹೋಗುವವರು ಹೋಗುತ್ತಾರೆ.

ಇಷ್ಟು ವರ್ಷ ಬಿಟ್ಟು ಹೋಗುವುದಿಲ್ಲ ಅಂತ ಬಾಂಡ್ ಬರೆಸಿಕೊಂಡು ಸರ್ಟಿಫಿಕೇಟ್ ಇಟ್ಟುಕೊಳ್ಳೋಣವಾ ಅಂತ ಕೆಲವರು ಕೇಳುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಸರ್ಟಿಫಿಕೇಟ್ ಹಿಡಿದಿಟ್ಟರೆ ಟೀಚರ್ ಉಳಿಯಬಹುದು, ಪಾಠದಲ್ಲಿ ಮನಸ್ಸು ಇರುವುದಿಲ್ಲ.

ಶುರು ಮಾಡಲು ದುಡ್ಡೇನೂ ಬೇಡ. ಹೊಸಬರಿಗೂ ಅವರ ಜೊತೆಯ ಹಿರಿಯರಿಗೂ ವಾರಕ್ಕೆ ಒಂದು ಪೀರಿಯಡ್ ಒಟ್ಟಿಗೆ ಬಿಡುವು ಇರುವ ಹಾಗೆ ಟೈಮ್‌ಟೇಬಲ್ ಮಾಡಿ. ಯಾರೋ ರಜೆ ಹಾಕಿದರು ಅಂತ ಆ ಪೀರಿಯಡ್ ಮಾತ್ರ ಕಿತ್ತುಕೊಳ್ಳಬೇಡಿ.